ಬಂಡವಾಳಶಾಹಿಯಿಂದ ಸಮಾಜಕ್ಕೆ ಲಾಭವೇ, ನಷ್ಟವೇ? ಕಾಫಿ ತೋಟದ ಲೆಕ್ಕದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟು ದೊಡ್ಡ ವಿಷಯಕ್ಕೆ ಕಾಫಿಯನ್ನೇ ಯಾಕೆ ಹಿಡಿದಿರಿ?

ಬಂಡವಾಳಶಾಹಿ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಸಾಮಾನ್ಯವಾಗಿ ಅಮೆರಿಕ, ರಷ್ಯಾ ಸುತ್ತಿಕೊಂಡು ಬಂದು ಎಲ್ಲಿಗೂ ಮುಟ್ಟದೆ ಮುಗಿಯುತ್ತದೆ. ಕಾಫಿಯಲ್ಲಿ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಸುಮಾರು ಅರ್ಧ ಶತಮಾನ ತಮ್ಮ ಬೆಳೆಯನ್ನು ಕಡ್ಡಾಯವಾಗಿ ಸರ್ಕಾರಿ ಮಂಡಳಿಯಾದ ಕಾಫಿ ಬೋರ್ಡ್‌ಗೆ ಒಪ್ಪಿಸಿದರು. 1996ರಿಂದ ಬೇಕಾದವರಿಗೆ ಮಾರುತ್ತಿದ್ದಾರೆ. ತೋಟ ಅದೇ, ಗಿಡ ಅದೇ, ಎಷ್ಟೋ ಕಡೆ ಮನೆತನವೂ ಅದೇ. ಬದಲಾದದ್ದು ಬೆಲೆ ಯಾರು ಕಟ್ಟುತ್ತಾರೆ, ನಷ್ಟ ಯಾರು ಹೊರುತ್ತಾರೆ ಎಂಬುದು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು, ಅದರಲ್ಲೂ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಹಾಗಾಗಿ ಜಗತ್ತಿನ ಮಾರುಕಟ್ಟೆಯಲ್ಲಿ ಎದ್ದ ಅಲೆ ಸಕಲೇಶಪುರದ ಕಣಕ್ಕೆ ತಪ್ಪದೆ ಬಂದು ಬಡಿಯುತ್ತದೆ.

1996ಕ್ಕೆ ಮೊದಲು ವ್ಯವಸ್ಥೆ ಹೇಗಿತ್ತು?

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು, ಇಲ್ಲಿ ಕಾಫಿ ಕೊಳ್ಳುವವರೇ ಇಲ್ಲದಂತಾಯಿತು. ಬೆಳೆಗಾರರನ್ನು ಉಳಿಸಲು ಬಂದದ್ದೇ ಪೂಲ್ ಪದ್ಧತಿ; 1942ರ ಕಾಫಿ ಕಾಯ್ದೆ ಅದಕ್ಕೆ ಗಟ್ಟಿ ಬುನಾದಿ ಹಾಕಿತು. ಮನೆ ಬಳಕೆಗೆ, ಬಿತ್ತನೆಗೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಬೋರ್ಡ್‌ಗೆ ಒಪ್ಪಿಸಬೇಕು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹದ ಮಾಡಿ, ದರ್ಜೆ ಮಾಡಿ, ಬೋರ್ಡ್ ಹರಾಜಿಗೆ ಇಡುತ್ತಿತ್ತು. ದರ್ಜೆಗೆ ತಕ್ಕಂತೆ ಪಾಯಿಂಟ್, ಪಾಯಿಂಟ್‌ಗೆ ತಕ್ಕಂತೆ ಹಣ, ಅದೂ ಕಂತುಕಂತಾಗಿ. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಕೊಯ್ಲು ಶುರುವಾಗಿರುತ್ತಿದ್ದುದು ಅಪರೂಪವೇನಲ್ಲ.

ಇದರ ಒಳ್ಳೆಯ ಮಗ್ಗುಲು: ಎರಡು ಎಕರೆಯವನಿಗೂ ಇನ್ನೂರು ಎಕರೆಯವನಿಗೂ ಒಂದೇ ಪಾಯಿಂಟ್ ದರ. ಕೊಳ್ಳುವವರಿಲ್ಲ ಎಂಬ ಭಯವಿಲ್ಲ. ಕೆಟ್ಟ ಮಗ್ಗುಲು: ಎಲ್ಲರ ಕಾಫಿಯೂ ಒಂದೇ ರಾಶಿಗೆ ಬೀಳುವಾಗ ಮೈಮುರಿದು ಒಳ್ಳೆಯ ಕಾಫಿ ಮಾಡಿದವನಿಗೆ ಅದರ ಪೂರ್ತಿ ಫಲ ಸಿಗುತ್ತಿರಲಿಲ್ಲ. ತನ್ನ ಕಾಫಿಯನ್ನು ತಾನೇ ಸಾಗಿಸಲು ಪರ್ಮಿಟ್ ಬೇಕಿತ್ತು. ಇಲ್ಲದೆ ಸಾಗಿಸಿದರೆ ಕಳ್ಳಸಾಗಣೆ.

ಆ ಪದ್ಧತಿ ಯಾಕೆ ಮುರಿದುಬಿತ್ತು? ಬೆಳೆಗಾರರೇ ಬೇಡವೆಂದರೇ?

ಬೇಡವೆಂದವರಲ್ಲಿ ಬೆಳೆಗಾರರೂ ಇದ್ದರು. ಆದರೆ ಹೊರಗಿನ ಎರಡು ಹೊಡೆತ ಇಲ್ಲದಿದ್ದರೆ ಪೂಲ್ ಇನ್ನಷ್ಟು ಕಾಲ ಎಳೆದುಕೊಂಡು ಹೋಗುತ್ತಿತ್ತೇನೋ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ, ಅಂದರೆ ಯಾವ ದೇಶ ಎಷ್ಟು ಕಾಫಿ ಹೊರಗೆ ಕಳಿಸಬಹುದೆಂಬ ಮಿತಿ, ನಿಂತಿತು. ದೇಶದೇಶಗಳು ಹಿಡಿದಿಟ್ಟಿದ್ದ ಕಾಫಿ ಒಮ್ಮೆಗೇ ಹೊರಬಂದು ಜಾಗತಿಕ ದರ ಕುಸಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಡಾಲರ್ ಬದಲು ರೂಪಾಯಿಯಲ್ಲೇ ಲೆಕ್ಕ ಹಾಕುವ ವ್ಯಾಪಾರದಲ್ಲಿ ನಮ್ಮ ಕಾಫಿಯನ್ನು ಹೆಚ್ಚು ತಕರಾರಿಲ್ಲದೆ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅದು. ಅದೇ ವರ್ಷ ದೆಹಲಿಯಲ್ಲಿ ಉದಾರೀಕರಣ.

ಸಡಿಲಿಕೆ ಹಂತಹಂತವಾಗಿ ಬಂತು. 1992–93ರಲ್ಲಿ ಬೆಳೆಯ ಶೇ 30ನ್ನು ದೇಶದೊಳಗೆ ಸ್ವಂತವಾಗಿ ಮಾರಲು ಬಿಟ್ಟರು. ಆಮೇಲೆ ಅರ್ಧ ಬೆಳೆ ಮುಕ್ತವಾಯಿತು, ಆಮೇಲೆ ಸಣ್ಣ ಬೆಳೆಗಾರರ ಪೂರ್ತಿ ಬೆಳೆ. 1996ರಲ್ಲಿ ಎಲ್ಲರಿಗೂ. ಈ ನಿಧಾನಗತಿಗೆ ಕೊಡಬೇಕಾದಷ್ಟು ಶ್ರೇಯ ಯಾರೂ ಕೊಟ್ಟಿಲ್ಲ. ವ್ಯಾಪಾರಿಗಳು ಡಿಪೋ ತೆರೆಯಲು, ಬೆಳೆಗಾರರು ದರ ವಿಚಾರಿಸುವುದನ್ನು ರೂಢಿ ಮಾಡಿಕೊಳ್ಳಲು ಮೂರ್ನಾಲ್ಕು ವರ್ಷ ಸಿಕ್ಕಿತು. ಒಂದೇ ರಾತ್ರಿ ಬಾಗಿಲು ತೆರೆದಿದ್ದರೆ ಮೊದಲ ವರ್ಷವೇ ಸಣ್ಣವರು ಸಿಕ್ಕಿದ ದರಕ್ಕೆ ಮಾರಿ ಕೈ ತೊಳೆದುಕೊಳ್ಳಬೇಕಿತ್ತು.

ಮುಕ್ತ ಮಾರುಕಟ್ಟೆಯಿಂದ ನಿಜವಾಗಿ ಸಿಕ್ಕಿದ್ದೇನು?

ಮೊದಲನೆಯದಾಗಿ, ಹಣ ಬೇಗ ಕೈಸೇರಿತು. ಚೀಲ ತೂಕವಾದ ವಾರದೊಳಗೆ ದುಡ್ಡು. ಅದೃಷ್ಟವೂ ಜೊತೆಗೂಡಿತು: 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟವು, ಜಗತ್ತಿನಲ್ಲಿ ದರ ಜಿಗಿಯಿತು. ಬೇಲಿ ತೆಗೆಯುತ್ತಿದ್ದ ಹೊತ್ತಿಗೇ ಈ ಏರಿಕೆ ಬಂದದ್ದರಿಂದ ಮಲೆನಾಡಿನಲ್ಲಿ ಆ ಕಾಲದ ನೆನಪು ಹೊಸ ಮನೆ, ಜೀಪು, ಮಕ್ಕಳ ಇಂಜಿನಿಯರಿಂಗ್ ಸೀಟುಗಳ ರೂಪದಲ್ಲಿ ಉಳಿದಿದೆ. ಇದನ್ನೆಲ್ಲ ಉದಾರೀಕರಣದ ಖಾತೆಗೇ ಬರೆಯುವವರು ಬ್ರೆಜಿಲ್‌ನ ಹಿಮವನ್ನು ಮರೆಯುತ್ತಾರೆ.

ಎರಡನೆಯದು, ಇಳುವರಿ. 1990–91ರಲ್ಲಿ ದೇಶದ ಉತ್ಪಾದನೆ ಸುಮಾರು 1.7 ಲಕ್ಷ ಟನ್. 2000–01ಕ್ಕೆ 3 ಲಕ್ಷ ಟನ್ ದಾಟಿತು. ಬೆಳೆದವನಿಗೆ ಬೆಲೆ ನೇರವಾಗಿ ಕಂಡಾಗ ಸ್ಪ್ರಿಂಕ್ಲರ್ ಹಾಕಿಸಿದ, ಹಳೆ ಗಿಡ ಕಿತ್ತು ಹೊಸ ತಳಿ ನೆಟ್ಟ, ಗೊಬ್ಬರ ಹೆಚ್ಚಿಸಿದ. ಯಾವ ಅಧಿಕಾರಿಯ ಸುತ್ತೋಲೆಯೂ ಹತ್ತು ವರ್ಷದಲ್ಲಿ ಇಷ್ಟು ಕೆಲಸ ಮಾಡಿಸಲಾರದು.

ಮೂರನೆಯದು ಗುಣಮಟ್ಟಕ್ಕೆ ಬೆಲೆ. ಈಗ ತೋಟದ ಹೆಸರಲ್ಲೇ ಮಾರುವ ಕಾಫಿಗಳಿವೆ. ಪಲ್ಪ್ ಮಾಡುವ (ಹಣ್ಣಿನ ಸಿಪ್ಪೆ, ತಿರುಳು ಬಿಡಿಸುವ) ರೀತಿ, ಒಣಗಿಸುವ ರೀತಿ ನೋಡಿ ಹೆಚ್ಚುವರಿ ದರ ಕೊಡುವ ಗಿರಾಕಿಗಳಿದ್ದಾರೆ. ಪೂಲ್ ಕಾಲದಲ್ಲಿ ಇದು ಊಹೆಗೂ ಸಿಗದ ಮಾತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದೂ 1996ರಲ್ಲೇ.

ಹಾಗಾದರೆ 2001ರಲ್ಲಿ ಯಾಕೆ ಎಲ್ಲ ಕುಸಿಯಿತು?

ಅದೇ ಒಳ್ಳೆಯ ದರದಿಂದ. ಕಾಫಿ ಗಿಡ ನೆಟ್ಟ ಮೇಲೆ ಫಸಲು ಹಿಡಿಯಲು ಮೂರ್ನಾಲ್ಕು ವರ್ಷ ಬೇಕು. 1994ರ ದರ ನೋಡಿ ನೆಟ್ಟವನು ಕರ್ನಾಟಕದವನೊಬ್ಬನೇ ಅಲ್ಲ. ವಿಯೆಟ್ನಾಂನ ಬೆಟ್ಟಗಳಲ್ಲಿ ಲಕ್ಷಾಂತರ ಎಕರೆ ರೊಬಸ್ಟಾ ಜಾತಿಯ ಕಾಫಿ ಎದ್ದಿತು. ಆ ಗಿಡಗಳೆಲ್ಲ ಫಸಲಿಗೆ ಬರುವ ಹೊತ್ತಿಗೆ ವಿಯೆಟ್ನಾಂ ಕೊಲಂಬಿಯಾವನ್ನು ಹಿಂದಿಕ್ಕಿ ಎರಡನೇ ದೊಡ್ಡ ಉತ್ಪಾದಕ ದೇಶವಾಗಿತ್ತು. 1997ರಲ್ಲಿ ಪೌಂಡ್‌ಗೆ ಸರಾಸರಿ 130 ಸೆಂಟ್ ದಾಟಿದ್ದ ಜಾಗತಿಕ ಸೂಚ್ಯಂಕ ದರ 2001ರಲ್ಲಿ 46 ಸೆಂಟ್ ಆಸುಪಾಸಿಗೆ ಇಳಿಯಿತು.

ಇದು ಮಾರುಕಟ್ಟೆ ಕೆಟ್ಟುಹೋದ ಕತೆಯಲ್ಲ, ಮಾರುಕಟ್ಟೆ ತನ್ನ ರೀತಿಯಲ್ಲೇ ಕೆಲಸ ಮಾಡಿದ ಕತೆ. ಪ್ರತಿಯೊಬ್ಬ ಬೆಳೆಗಾರನೂ ಬುದ್ಧಿವಂತಿಕೆಯ ತೀರ್ಮಾನವನ್ನೇ ತೆಗೆದುಕೊಂಡಿದ್ದ. ಎಲ್ಲರ ಬುದ್ಧಿವಂತಿಕೆ ಸೇರಿ ಗೋದಾಮು ತುಂಬಿತು. ಬಟ್ಟೆ ಗಿರಣಿಯಾದರೆ ಬೇಡಿಕೆ ಬಿದ್ದಾಗ ಪಾಳಿ ಕಡಿಮೆ ಮಾಡಬಹುದು. ಗಿಡಕ್ಕೆ ಅಂಥ ಗುಂಡಿ ಇಲ್ಲ.

ಆಗ ತೋಟದಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ದರ ಬಿದ್ದಾಗ ಮೊದಲು ನಿಲ್ಲುವುದು ಗೊಬ್ಬರ, ಆಮೇಲೆ ಕಪಾತು (ಗಿಡದ ರೆಂಬೆ ಸವರುವುದು), ಆಮೇಲೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಕೊನೆಗೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಹುಡುಕುವ ಕೆಲಸ. ಕಾಫಿಯ ಇನ್ನೊಂದು ಮುಖ್ಯ ಜಾತಿಯಾದ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹತ್ತಿದರೆ ಔಷಧಿಯಿಂದ ವಾಸಿಯಾಗುವುದಿಲ್ಲ. ದುಂಬಿ ಹಾರುವ ಎರಡು ಕಾಲ, ಅಂದರೆ ಏಪ್ರಿಲ್–ಮೇ ಮತ್ತು ಅಕ್ಟೋಬರ್ ನಂತರದ ತಿಂಗಳುಗಳು, ಬರುವ ಮೊದಲೇ ಸಾಲುಸಾಲಾಗಿ ಗಿಡ ನೋಡಿ, ಕಾಂಡದ ಮೇಲೆ ಉಬ್ಬು ಗೆರೆ ಕಂಡದ್ದನ್ನು ಕಿತ್ತು ಸುಡಬೇಕು. ಒಂದು ವರ್ಷ ಆಳಿನ ಖರ್ಚು ಉಳಿಸಿದರೆ ಮುಂದಿನ ವರ್ಷ ಒಂದು ಗಿಡದ ಜಾಗದಲ್ಲಿ ಹತ್ತು ಹೋಗುತ್ತವೆ. ದರ ಮೇಲೆದ್ದಾಗ ಮಾರಲು ಫಸಲೇ ಇರುವುದಿಲ್ಲ. ಕೈಯಲ್ಲಿ ಹಣ ಇದ್ದವನು ಕೆಟ್ಟ ಕಾಲದಲ್ಲೂ ತೋಟ ನೋಡಿಕೊಂಡು ಒಳ್ಳೆಯ ಕಾಲಕ್ಕೆ ದಾಟಿದ. ಇಲ್ಲದವನು ದಾಟುವ ಮೊದಲೇ ಗಿಡ ಕಳೆದುಕೊಂಡ.

ಲಂಡನ್ ದರಕ್ಕೂ ನಮ್ಮ ಚೀಲದ ದರಕ್ಕೂ ಏನು ಸಂಬಂಧ? ಲೆಕ್ಕ ಹಾಕುವುದು ಹೇಗೆ?

ರೊಬಸ್ಟಾಗೆ ಲಂಡನ್ ದರ, ಒಂದು ಟನ್‌ಗೆ ಡಾಲರ್ ಲೆಕ್ಕ. ಅರೇಬಿಕಾಗೆ ನ್ಯೂಯಾರ್ಕ್ ದರ, ಒಂದು ಪೌಂಡ್‌ಗೆ ಸೆಂಟ್ ಲೆಕ್ಕ. ಪೌಂಡ್ ಎಂದರೆ 0.4536 ಕೆ.ಜಿ. ಎರಡೂ ಹಸಿರು (ಹುರಿಯದ) ಬೀಜದ ದರ. ನಿಮ್ಮ ಚೀಲದಲ್ಲಿರುವುದು ಇಡೀ ಹಣ್ಣನ್ನೇ ಸಿಪ್ಪೆ ಸಹಿತ ಒಣಗಿಸಿದ ಚೆರಿ ಅಥವಾ ತಿರುಳು ತೆಗೆದು ಒಳಪೊರೆ ಸಹಿತ ಒಣಗಿಸಿದ ಪಾರ್ಚ್‌ಮೆಂಟ್. ಮಧ್ಯದ ಸೇತುವೆ ಔಟ್‌ಟರ್ನ್, ಎಲ್ಲರೂ ಓಟಿ ಎನ್ನುತ್ತಾರೆ: 50 ಕೆ.ಜಿ. ಚೀಲದಿಂದ ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬ ಸಂಖ್ಯೆ. ರೊಬಸ್ಟಾ ಚೆರಿಗೆ 26 ಆಸುಪಾಸು, ಪಾರ್ಚ್‌ಮೆಂಟ್‌ಗೆ 40 ಆಸುಪಾಸು ಇರುವುದು ವಾಡಿಕೆ.

ಉದಾಹರಣೆಗೆ ಲಂಡನ್ 4,000 ಡಾಲರ್, ಡಾಲರ್ 85 ರೂಪಾಯಿ ಎಂದಿಟ್ಟುಕೊಳ್ಳಿ. ಕೆ.ಜಿ. ಬೀಜಕ್ಕೆ 340 ರೂಪಾಯಿ. ಓಟಿ 26 ಇದ್ದರೆ ಚೀಲಕ್ಕೆ 8,840. ವ್ಯಾಪಾರಿ 8,200 ಹೇಳಿದರೆ ಓಟಿ ಪಾಯಿಂಟ್‌ಗೆ (ಕೆ.ಜಿ. ಬೀಜಕ್ಕೆ) ಸುಮಾರು 315 ಬಿತ್ತು, ಅಂದರೆ ಕ್ಯೂರಿಂಗ್, ಸಾಗಣೆ, ಬಡ್ಡಿ, ಅವನ ಲಾಭ ಎಲ್ಲ ಸೇರಿ ಕೆ.ಜಿ.ಗೆ 25 ರೂಪಾಯಿ ಹಿಡಿದಿದ್ದಾನೆ. ಈ ಅಂತರವನ್ನು ಪಕ್ಕದ ಊರಿನ ಇಬ್ಬರ ಬಳಿ ಕೇಳಿ ಹೋಲಿಸಿ. ಚೀಲದ ದರವನ್ನು ಹೋಲಿಸುವುದು ವ್ಯರ್ಥ, ಪಾಯಿಂಟ್ ದರ ಹೋಲಿಸಬೇಕು. ಒಂದು ಮಾತು ನೆನಪಿರಲಿ: ಲಂಡನ್, ನ್ಯೂಯಾರ್ಕ್‌ನ ವಾಯಿದೆ ದರ (ಮುಂದೆ ಕೊಡುವ ಮಾಲಿಗೆ ಈಗಲೇ ಕಟ್ಟುವ ದರ) ಮತ್ತು ಇಲ್ಲಿನ ಬೀಜದ ದರ ಯಾವಾಗಲೂ ಒಂದೇ ಇರುವುದಿಲ್ಲ. ಗುಣಮಟ್ಟಕ್ಕೆ, ಅಭಾವಕ್ಕೆ ತಕ್ಕಂತೆ ಮೇಲೆ ಕೆಳಗೆ ಆಗುತ್ತದೆ.

ತೂಕದಲ್ಲಿ, ಓಟಿಯಲ್ಲಿ ಮೋಸ ಹೋಗದಿರಲು?

ಓಟಿ ಎರಡು ಪಾಯಿಂಟ್ ಕಡಿಮೆ ಬರೆದರೆ ಮೇಲಿನ ದರದಲ್ಲಿ ಚೀಲಕ್ಕೆ 630 ರೂಪಾಯಿ ಹೋಯಿತು. 200 ಚೀಲಕ್ಕೆ 1,26,000. ಆದ್ದರಿಂದ ಚೀಲ ಹೊರಡುವ ಮೊದಲು ಮನೆಯಲ್ಲೇ ನೋಡಿಕೊಳ್ಳಿ. ಹತ್ತಾರು ಚೀಲದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಅದರಲ್ಲಿ 100 ಗ್ರಾಂ ತೂಗಿ, ಕುಟ್ಟಿ, ಸಿಪ್ಪೆ ತೂರಿ, ಬಂದ ಬೀಜ ತೂಗಿ. 52 ಗ್ರಾಂ ಬಂದರೆ ಓಟಿ 26. ಕಪ್ಪು ಬೀಜ, ಚೂರು, ಕಾಯಿಕೊರಕ ತಿಂದದ್ದನ್ನು ಬೇರೆ ತೂಗಿ ಇಡಿ. ಕಡಿತ ಅದಕ್ಕೇ ಬರುವುದು. ಅದೇ ಮಾದರಿಯ ಅರ್ಧ ಕೆ.ಜಿ.ಯನ್ನು ಮೊಹರು ಮಾಡಿ ನಿಮ್ಮ ಬಳಿ ಇಟ್ಟುಕೊಂಡರೆ ಜಗಳದ ದಿನ ಮಾತಾಡಲು ಆಧಾರ ಇರುತ್ತದೆ.

ತೇವಾಂಶದಲ್ಲಿ ಹೆಚ್ಚಿನವರು ತಪ್ಪುವುದು ಎರಡೂ ಕಡೆಗೆ. ಪಾರ್ಚ್‌ಮೆಂಟ್ ಶೇ 10, ರೊಬಸ್ಟಾ ಚೆರಿ ಶೇ 11ಕ್ಕೆ ಒಣಗಿದರೆ ಸಾಕು. ಹಸಿಯಾಗಿ ಕೊಟ್ಟರೆ ಕಡಿತ, ಬೂಸ್ಟು ಎರಡೂ. ಭಯಕ್ಕೆ ರೊಬಸ್ಟಾ ಚೆರಿಯನ್ನು ಶೇ 9ಕ್ಕೆ ಒಣಗಿಸಿದರೆ ಚೀಲಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ತೂಕ ಪುಕ್ಕಟೆ ಬಿಟ್ಟುಕೊಟ್ಟಂತೆ. ಅಳೆಯುವ ಯಂತ್ರ ಊರಿಗೊಂದು ಸಾಕು.

ಮಧ್ಯವರ್ತಿಗಳನ್ನು ತೆಗೆದುಹಾಕಿದರೆ ಎಲ್ಲ ಸರಿಹೋಗುವುದಿಲ್ಲವೇ?

ಇಲ್ಲ. ಮೂವತ್ತು ಚೀಲ ಇರುವವನು ಇಟಲಿಗೆ ಕಂಟೈನರ್ ಕಳಿಸಲಾರ. ಒಟ್ಟುಗೂಡಿಸುವುದು, ದರ್ಜೆ ಮಾಡುವುದು, ಮುಂಗಡ ಹಣ ಹೂಡುವುದು, ದರ ಬಿದ್ದರೆ ತಡೆದುಕೊಳ್ಳುವುದು, ಇವೆಲ್ಲ ಯಾರಾದರೂ ಮಾಡಲೇಬೇಕಾದ ಕೆಲಸ, ಅದಕ್ಕೆ ಕೂಲಿಯೂ ಇದೆ. ಊರಲ್ಲಿ ನಾಲ್ಕು ಜನ ಕೊಳ್ಳುವವರಿದ್ದರೆ ಆ ಕೂಲಿ ತಾನಾಗಿಯೇ ಹದಕ್ಕೆ ಬರುತ್ತದೆ. ಒಬ್ಬನೇ ಇದ್ದು, ಅವನೇ ಗೊಬ್ಬರಕ್ಕೆ ಸಾಲ ಕೊಟ್ಟವನೂ ಆಗಿದ್ದರೆ ಅಲ್ಲಿ ಇರುವುದು ಮುಕ್ತ ಮಾರುಕಟ್ಟೆಯಲ್ಲ, ಹೆಸರು ಬದಲಿಸಿದ ಹಳೇ ಸಾಹುಕಾರಿಕೆ.

ದರ ಏರುವವರೆಗೆ ಕಾಯುವುದೇ ಜಾಣತನ ಅಲ್ಲವೇ?

ನಮ್ಮ ಅಭಿಪ್ರಾಯದಲ್ಲಿ ಇಡೀ ಚರ್ಚೆಯ ತಿರುಳು ಇರುವುದು ಈ ಪ್ರಶ್ನೆಯಲ್ಲಿ. ಬಂಡವಾಳ ಎಂದರೆ ಯಂತ್ರ, ಜಮೀನು ಎಂದುಕೊಳ್ಳುತ್ತೇವೆ. ಕಾಫಿಯಲ್ಲಿ ಅದರ ನಿಜವಾದ ರೂಪ ಕಾಯುವ ತಾಕತ್ತು.

ಲೆಕ್ಕ ನೋಡಿ. 8,200 ರೂಪಾಯಿಯ ಚೀಲವನ್ನು ಬ್ಯಾಂಕಿನ ಶೇ 10 ಬಡ್ಡಿಯ ಮೇಲೆ ಒಂದು ತಿಂಗಳು ಇಟ್ಟುಕೊಂಡರೆ ಬಡ್ಡಿ 68 ರೂಪಾಯಿ, ಅಂದರೆ ಓಟಿ ಪಾಯಿಂಟ್‌ಗೆ ಎರಡೂವರೆ ರೂಪಾಯಿ ಚಿಲ್ಲರೆ. ಗೋದಾಮು ಬಾಡಿಗೆ ಸೇರಿಸಿ ಮೂರು ರೂಪಾಯಿ ದರ ಏರಿದರೆ ಸಾಕು, ಕಾದದ್ದು ವ್ಯರ್ಥವಾಗಲಿಲ್ಲ. ಕೈಸಾಲ ತಂದವನಿಗೆ ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ: ಚೀಲಕ್ಕೆ 246, ಪಾಯಿಂಟ್‌ಗೆ ಒಂಬತ್ತೂವರೆ. ಅವನು ಮೂರು ತಿಂಗಳು ಕಾಯಬೇಕಾದರೆ ಪಾಯಿಂಟ್ ದರ 28 ರೂಪಾಯಿ ಏರಲೇಬೇಕು. ಹಾಗಾಗಿ ಅವನು ಫೆಬ್ರವರಿ–ಮಾರ್ಚ್‌ನಲ್ಲಿ, ಎಲ್ಲರೂ ಮಾರುವಾಗಲೇ ಮಾರುತ್ತಾನೆ. ಇಬ್ಬರ ಕಾಫಿಯೂ ಒಂದೇ, ಇಬ್ಬರ ಸ್ವಾತಂತ್ರ್ಯವೂ ಕಾನೂನಿನಲ್ಲಿ ಒಂದೇ.

ಇನ್ನೊಂದು ಅಪಾಯ: ದರ ನಿಗದಿ ಮಾಡದೆ ವ್ಯಾಪಾರಿಯ ಗೋದಾಮಿನಲ್ಲಿ ಕಾಫಿ ಇಟ್ಟು, ಬೇಕಾದ ದಿನ ದರ ಗೊತ್ತುಮಾಡುವ ರೂಢಿ. ಅನುಕೂಲವೇನೋ ನಿಜ. ಆದರೆ ಅವನು ಆ ಕಾಫಿಯನ್ನು ಅಷ್ಟರಲ್ಲಿ ಮಾರಿರುತ್ತಾನೆ. ದರ ದಿಢೀರನೆ ಏರಿದರೆ ಅವನ ಬಳಿ ಕಾಫಿಯೂ ಇಲ್ಲ, ಅಷ್ಟು ಹಣವೂ ಇಲ್ಲ. ದರ ಬಿದ್ದ ವರ್ಷಕ್ಕಿಂತ ದರ ಏರಿದ ವರ್ಷ ವ್ಯಾಪಾರಿಗಳು ಬಾಗಿಲು ಹಾಕುವುದಕ್ಕೆ ಕಾರಣ ಇದೇ. ಇಡಲೇಬೇಕೆಂದರೆ ನೋಂದಾಯಿತ ಗೋದಾಮಿನಲ್ಲಿ ಇಟ್ಟು ರಸೀದಿ ಪಡೆಯಿರಿ. 2007ರ ಗೋದಾಮು ಕಾಯ್ದೆಯ ಪ್ರಕಾರ ಕೊಟ್ಟ ರಸೀದಿಯ ಮೇಲೆ ಬ್ಯಾಂಕ್ ಸಾಲವೂ ಸಿಗುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್ ಅನ್ನು ಮಲೆನಾಡಿನ ಮಳೆಗಾಲ ಕಳೆಯುವವರೆಗೆ ಇಟ್ಟರೆ ಬಣ್ಣ ಮಾಸುತ್ತದೆ, ಅದೂ ಲೆಕ್ಕದಲ್ಲಿರಲಿ.

ವಾಯಿದೆ ವ್ಯಾಪಾರ ಎಂದರೆ ಬರೀ ಸಟ್ಟಾ ತಾನೇ?

ಅರ್ಧ ಸರಿ. ನಾಳೆಯ ದರವನ್ನು ಇವತ್ತೇ ಗಟ್ಟಿ ಮಾಡಿಕೊಳ್ಳುವ ರಫ್ತುದಾರನಿಗೆ ಅದು ವಿಮೆ. ಎದುರು ಬದಿಯಲ್ಲಿ ಅಪಾಯ ಹೊರಲು ಸಿದ್ಧನಾದ ಸಟ್ಟಾದಾರ ಇಲ್ಲದಿದ್ದರೆ ಆ ವಿಮೆಯೂ ಇಲ್ಲ. ತೊಂದರೆ ಏನೆಂದರೆ ಲಂಡನ್ ಒಪ್ಪಂದ ಒಂದಕ್ಕೆ 10 ಟನ್. ಮೂವತ್ತು ಚೀಲ ಚೆರಿಯ ಬೆಳೆಗಾರನ ಬಳಿ ಒಂದು ಟನ್ ಬೀಜವೂ ಇರುವುದಿಲ್ಲ. ಏರಿಳಿತ ಅವನಿಗೆ ತಲುಪುತ್ತದೆ, ವಿಮೆ ತಲುಪುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ರೊಬಸ್ಟಾ 5,000 ಡಾಲರ್ ದಾಟಿತು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಅರೇಬಿಕಾ ಪೌಂಡ್‌ಗೆ 4 ಡಾಲರ್ ಮೀರಿತು.

ಬೆಳೆಗಾರನಿಗೆ ದರ ಏರಿದರೆ ಕೂಲಿಯವರಿಗೂ ಏರುತ್ತದೆಯೇ?

ತಾನಾಗಿ ಏರುವುದಿಲ್ಲ. ತೋಟದ ದಿನಗೂಲಿಗೆ ಸರ್ಕಾರದ ಕನಿಷ್ಠ ವೇತನವೇ ಅಳತೆಗೋಲು. ಅದರ ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ಅಂಟಿಕೊಂಡಿದೆ, ಕಾಫಿ ದರಕ್ಕಲ್ಲ. ಕೊಯ್ಲಿನಲ್ಲಿ ಮಾತ್ರ ಕೆ.ಜಿ. ಲೆಕ್ಕ ಬರುತ್ತದೆ. ಆಗ ಆಳಿನ ಅಭಾವ ಇದ್ದರೆ ದರ ಮೇಲೇರುತ್ತದೆ, ಅಸ್ಸಾಂ, ಜಾರ್ಖಂಡ್ ಕಡೆಯಿಂದ ಮೇಸ್ತ್ರಿಗಳು ಜನ ಕರೆತಂದರೆ ಮತ್ತೆ ಇಳಿಯುತ್ತದೆ. ಇಳಿಮುಖದ ಕತೆ ಬೇರೆ: ಕಾಫಿ ದರ ಬಿದ್ದಾಗ ಕೂಲಿ ದರ ಬೀಳುವುದಿಲ್ಲ, ಕೆಲಸದ ದಿನಗಳು ಬೀಳುತ್ತವೆ. ತೋಟದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಳಿನದ್ದೇ ಆದ್ದರಿಂದ ಬೆಳೆಗಾರನ ಕತ್ತರಿ ಗೊಬ್ಬರದ ನಂತರ ಅಲ್ಲಿಗೇ ಹೋಗುತ್ತದೆ.

ಕಾರ್ಮಿಕ ಮುಕ್ತವಾಗಿ ಚೌಕಾಸಿ ಮಾಡಬಲ್ಲ ಎಂಬುದು ಬಂಡವಾಳಶಾಹಿಯ ಮೂಲ ನಂಬಿಕೆ. ಲೈನ್ ಮನೆಯಲ್ಲಿರುವ (ತೋಟದವರು ಆಳುಗಳಿಗೆ ಕಟ್ಟಿಸಿದ ಸಾಲುಮನೆ) ಯರವ, ಕುರುಬ ಆದಿವಾಸಿ ಕುಟುಂಬಕ್ಕೆ ಇದು ಅನ್ವಯಿಸುವುದು ಕಷ್ಟ. ಮನೆ ಧಣಿಯದು; ಕೆಲಸ ಬಿಟ್ಟರೆ ಮನೆ ಬಿಡಬೇಕು, ಮನೆ ಬಿಟ್ಟರೆ ವಿಳಾಸವಿಲ್ಲ, ಮುಂಗಡ ಪಡೆದಿದ್ದರೆ ಸಾಲವೂ ಬೆನ್ನಿಗಿದೆ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಗುಡಿಸಲುಗಳನ್ನು ಕೆಡವಿದಾಗ ಹೊರಜಗತ್ತಿಗೆ ಗೊತ್ತಾದದ್ದು ಇದೇ: ಅಲ್ಲಿದ್ದವರಲ್ಲಿ ಬಹಳ ಮಂದಿ ಲೈನ್ ಮನೆ ತೊರೆದು ಸ್ವಂತ ಸೂರಿಗಾಗಿ ಬಂದವರು.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ವಸತಿ, ಆಸ್ಪತ್ರೆ, ಶಿಶುವಿಹಾರ ಕೊಡಲೇಬೇಕೆಂದು ಹೇಳಿತು. ಆದರೆ ಅದು ಅನ್ವಯವಾದದ್ದು ಕನಿಷ್ಠ 5 ಹೆಕ್ಟೇರ್ ಮತ್ತು ಕನಿಷ್ಠ 15 ಆಳು ಇದ್ದ ತೋಟಗಳಿಗೆ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಸಣ್ಣವೇ, ಹಾಗಾಗಿ ದೊಡ್ಡ ಸಂಖ್ಯೆಯ ಕೂಲಿಯವರು ಆ ಗೆರೆಯ ಹೊರಗೇ ಉಳಿದರು. ಸಣ್ಣ ಬೆಳೆಗಾರನನ್ನು ಮಾತ್ರ ಬಲಿಪಶು ಎಂದು ಬರೆಯುವವರು ಅವನ ತೋಟದಲ್ಲಿ ಬಗ್ಗಿ ಹಣ್ಣು ಹೆಕ್ಕುವವಳನ್ನೂ ಒಂದು ಸಾಲಿಗೆ ಸೇರಿಸಿಕೊಳ್ಳಬೇಕು.

ಪರಿಸರದ ಲೆಕ್ಕ ಎಲ್ಲಿ ಬರುತ್ತದೆ?

ಚೀಲದ ದರದಲ್ಲಿ ಬರುವುದಿಲ್ಲ, ಅದೇ ಸಮಸ್ಯೆ. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಟ್ಟರೆ ಸಿಹಿ ಅಂಟು ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ, ಮೀನು ಸಾಯುತ್ತದೆ, ಕೆಳಗಿನ ಊರಿನ ಬಾವಿ ನಾರುತ್ತದೆ. ಬಿಟ್ಟವನ ಖರ್ಚು ಸೊನ್ನೆ. ಹೊಂಡ ತೋಡಿ, ಸುಣ್ಣ ಹಾಕಿ, ತಂಗಿಸಿ ಬಿಡುವವನಿಗೆ ಖರ್ಚಿದೆ, ಮಾರುಕಟ್ಟೆಯಲ್ಲಿ ಅದಕ್ಕೆ ಒಂದು ಪೈಸೆ ಹೆಚ್ಚು ಸಿಗುವುದಿಲ್ಲ. ನೀರು ಕಡಿಮೆ ಬಳಸುವ ಇಕೋ ಪಲ್ಪರ್ ಬಂದದ್ದು ಸ್ವಲ್ಪ ಸಮಾಧಾನ. ಅದರಲ್ಲೂ ಮಾಲಿನ್ಯ ಮಂಡಳಿಯ ಭಯ ಮುಕ್ಕಾಲು, ಮನಸ್ಸಾಕ್ಷಿ ಕಾಲು.

ನೆರಳಿನ ಮರದ ವಿಷಯದಲ್ಲಿ ಮಾತ್ರ ಬೈಗುಳವನ್ನು ಸರ್ಕಾರವೂ ಹಂಚಿಕೊಳ್ಳಬೇಕು. ನಂದಿ, ಹೊನ್ನೆ, ಮತ್ತಿ, ಬೀಟೆಯ ಜಾಗಕ್ಕೆ ಸಿಲ್ವರ್ ಓಕ್ ಬಂತು. ಅದು ಬೇಗ ಬೆಳೆಯುತ್ತದೆ, ಕಾಳುಮೆಣಸು ಹಬ್ಬಿಸಲು ನೇರ ಕಾಂಡ. ಅದಕ್ಕಿಂತ ಮುಖ್ಯವಾಗಿ ಕಡಿದು ಮಾರಲು ಅಡ್ಡಿಯಿಲ್ಲ. ಕಾಡುಮರಕ್ಕೆ ಅನುಮತಿ ಬೇಕು, ಕೊಡಗಿನಲ್ಲಿ ಎಷ್ಟೋ ಜಮೀನಿನಲ್ಲಿ ಮರದ ಹಕ್ಕೇ ಬೆಳೆಗಾರನದಲ್ಲ. ತನ್ನದಲ್ಲದ ಮರವನ್ನು ಯಾರು ನೆಟ್ಟು ಬೆಳೆಸುತ್ತಾರೆ?

ಯುರೋಪಿನ ಅರಣ್ಯನಾಶ ತಡೆ ನಿಯಮ ಈ ಲೆಕ್ಕವನ್ನು ದರದೊಳಗೆ ತರುವ ಪ್ರಯತ್ನ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಕೊಳ್ಳುವುದಿಲ್ಲ, ತೋಟದ ಜಿಪಿಎಸ್ ಗುರುತು ಕೊಡಿ ಎನ್ನುತ್ತದೆ. ಜಾರಿ ಮುಂದೂಡುತ್ತಾ ಬಂದಿದ್ದಾರೆ. ನಮ್ಮ ಬಹುಪಾಲು ತೋಟ ಹಳೆಯವು, ನೆರಳಿನಡಿಯವು, ಆದ್ದರಿಂದ ಹೆದರುವ ಕಾರಣ ಕಡಿಮೆ. ಆದರೆ ಪಹಣಿ ಅಜ್ಜನ ಹೆಸರಲ್ಲೇ ಇರುವ ಕುಟುಂಬಗಳಿಗೆ ಕಾಗದದ ತಲೆನೋವು ಗ್ಯಾರಂಟಿ. ಪೌತಿ ಖಾತೆ ಈಗಲೇ ಮಾಡಿಸಿಕೊಳ್ಳಿ.

ಕಾಫಿ ಕುಡಿಯುವವರಿಗೆ ಇದರಿಂದ ಏನಾಯಿತು?

ಆಯ್ಕೆ ಹೆಚ್ಚಿತು. ದರದ ವಿಷಯದಲ್ಲಿ ಒಂದು ಲೆಕ್ಕ: ಬೀಜ ಕೆ.ಜಿ.ಗೆ 340 ಇದ್ದರೆ, ಹುರಿಯುವಾಗ ತೂಕ ಶೇ 16ರಷ್ಟು ಇಳಿಯುವುದರಿಂದ ಪುಡಿಯ ಅಸಲು ಸುಮಾರು 405. ಒಂದು ಲೋಟಕ್ಕೆ 10 ಗ್ರಾಂ ಹಿಡಿದರೆ ನಾಲ್ಕು ರೂಪಾಯಿ. ಉಳಿದದ್ದು ಹಾಲು, ಸಕ್ಕರೆ, ಗ್ಯಾಸ್, ಬಾಡಿಗೆ, ಕೆಲಸದವರ ಸಂಬಳ, ಮಾಲೀಕನ ಲಾಭ. ಬೀಜದ ದರ ದುಪ್ಪಟ್ಟಾದರೆ ಲೋಟಕ್ಕೆ ನಾಲ್ಕು ರೂಪಾಯಿ ಏರಿಸುವುದು ನ್ಯಾಯ. ಬೀಜ ಅರ್ಧಕ್ಕಿಳಿದಾಗ ಯಾವ ಹೋಟೆಲಿನ ಬೋರ್ಡಿನಲ್ಲೂ ಹಳೆ ದರ ಮರಳಿ ಬರುವುದಿಲ್ಲ, ಅದು ಬೇರೆ ಮಾತು. ಪುಡಿ ಪ್ಯಾಕೆಟ್ ಕೊಳ್ಳುವಾಗ ಚಿಕೋರಿ ಪ್ರಮಾಣ ಓದಿ: ಕಾಯ್ದೆ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕೆ ಕಡಿಮೆ ಇರಬಾರದು, ಪ್ರಮಾಣ ನಮೂದಿಸಿರಬೇಕು.

ಸಹಕಾರಿ ಪದ್ಧತಿ ಉತ್ತರವಲ್ಲವೇ?

ಕೆಲವು ಕಡೆ ಹೌದು. ಕಾಫಿ ಬೋರ್ಡ್ ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಅವನ್ನು ವಹಿಸಿಕೊಂಡರು. ಮೊದಲ ಕಾರ್ಮಿಕ ಸಹಕಾರ ಸಂಘ ಹುಟ್ಟಿದ್ದು 1957ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿ. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟ್‌ಗೆ ಬಂದರೂ ನಡೆದುಕೊಂಡು ಬಂದಿದೆ. ಕೆಲಸಗಾರರೇ ಮಾಲೀಕರಾದ ಸಂಸ್ಥೆ ಮುಕ್ತ ಮಾರುಕಟ್ಟೆಯಲ್ಲಿ ಬದುಕಲಾರದು ಎಂಬ ವಾದಕ್ಕೆ ಇಷ್ಟು ಸಾಕು. ಹಿಗ್ಗಲು ಮಾತ್ರ ಅದಕ್ಕೆ ಆಗಲಿಲ್ಲ, ಏಕೆಂದರೆ ಹೊರಗಿನ ಹೂಡಿಕೆ ಬರುವುದಿಲ್ಲ.

ಬೆಳೆಗಾರರ ಸಹಕಾರ ಸಂಘಗಳ ದೌರ್ಬಲ್ಯ ಬೇರೆ. ಹಾಲು ಕಾಯುವುದಿಲ್ಲ, ದಿನಾ ಎರಡು ಹೊತ್ತು ಡೇರಿಗೆ ಹಾಕಲೇಬೇಕು. ಅದಕ್ಕೇ ಹಾಲಿನ ಸಂಘ ಗಟ್ಟಿ. ಕಾಫಿ ಕಾಯುತ್ತದೆ. ಹೊರಗೆ ದರ ಹತ್ತು ರೂಪಾಯಿ ಹೆಚ್ಚಾದ ದಿನ ಸದಸ್ಯರೇ ಸಂಘ ಬಿಟ್ಟು ವ್ಯಾಪಾರಿಗೆ ಕೊಡುತ್ತಾರೆ, ದರ ಬಿದ್ದ ದಿನ ಸಂಘದ ಬಾಗಿಲಿಗೆ ಬರುತ್ತಾರೆ. ಬೆಳೆಯ ಒಂದು ಪಾಲನ್ನು ಕಡ್ಡಾಯವಾಗಿ ಸಂಘಕ್ಕೇ ಎಂಬ ಬೈಲಾ ಇಲ್ಲದಿದ್ದರೆ ಷೇರು ಕಟ್ಟಿ ಪ್ರಯೋಜನವಿಲ್ಲ.

ಸರ್ಕಾರ ಬೆಂಬಲ ಬೆಲೆ ಕೊಡಬಾರದೇ?

2003ರಲ್ಲಿ ಕಾಫಿ, ಟೀ, ರಬ್ಬರ್, ತಂಬಾಕಿಗೆಂದು 500 ಕೋಟಿ ರೂಪಾಯಿಯ ಬೆಲೆ ಸ್ಥಿರತೆ ನಿಧಿ ಮಾಡಿದರು, 4 ಹೆಕ್ಟೇರ್ ಒಳಗಿನವರಿಗೆ. ಕೆಟ್ಟ ವರ್ಷ ಸಿಗುತ್ತಿದ್ದ ನೆರವು ಎಷ್ಟು ಪುಡಿಗಾಸೆಂದರೆ ಸೇರಿದವರೇ ಕಡಿಮೆ. 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರದ ಪ್ಯಾಕೇಜ್ ಬಂತು. ಅದು ಗಾಯಕ್ಕೆ ಪಟ್ಟಿ. ರಫ್ತು ಬೆಳೆಗೆ ದೊಡ್ಡ ಬೆಂಬಲ ಬೆಲೆ ಕೊಟ್ಟರೆ ಗೋದಾಮಿನಲ್ಲಿ ಉಳಿಯುವ ಕಾಫಿಯನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಪೂಲ್ ಕಾಲದಲ್ಲೂ ಉತ್ತರವಿರಲಿಲ್ಲ. ಕಡಿಮೆ ಬಡ್ಡಿಯ ದಾಸ್ತಾನು ಸಾಲ, ತಾಲ್ಲೂಕಿಗೊಂದು ನೋಂದಾಯಿತ ಗೋದಾಮು, ವ್ಯಾಪಾರಿಯಿಂದ ಠೇವಣಿ ಪಡೆದೇ ಪರವಾನಗಿ: ಈ ಮೂರಕ್ಕೆ ಖರ್ಚು ಕಡಿಮೆ, ಫಲ ಹೆಚ್ಚು ಎಂಬುದು ನಮ್ಮ ನಿಲುವು. ಪೂಲ್ ಮರಳಿ ಬರಬೇಕೆಂದು ಬೆಳೆಗಾರರಲ್ಲಿ ಕೇಳುವವರು ಈಗ ವಿರಳ.

ಸಾಲ ಕಟ್ಟದಿದ್ದರೆ ಬ್ಯಾಂಕ್ ತೋಟ ಹರಾಜು ಹಾಕಬಹುದೇ?

ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನು ಹೊರಗಿಟ್ಟಿದೆ. ಕಾಫಿ ತೋಟ ಆ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದೇ ಬೆಳೆಗಾರರಿಗೂ ಬ್ಯಾಂಕುಗಳಿಗೂ ನಡುವಿನ ತಕರಾರು. ನೋಟಿಸ್ ಬಂದರೆ 60 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಮ್ಯಾನೇಜರ್ ಜೊತೆ ಬಾಯಿಮಾತಿನ ಒಪ್ಪಂದ ಲೆಕ್ಕಕ್ಕೆ ಬರುವುದಿಲ್ಲ.

ದರ ಚೆನ್ನಾಗಿರುವಾಗ ಹಣವನ್ನು ಎಲ್ಲಿ ಹಾಕಬೇಕು?

ಮೊದಲು ಕೈಸಾಲ ತೀರಿಸಿ; ತಿಂಗಳಿಗೆ ಮೂರರ ಬಡ್ಡಿ ತಪ್ಪಿಸುವಷ್ಟು ಲಾಭ ಬೇರೆ ಯಾವ ಹೂಡಿಕೆಯೂ ಕೊಡದು. ಆಮೇಲೆ ರೊಬಸ್ಟಾ ಇದ್ದರೆ ನೀರು. ಫೆಬ್ರವರಿ–ಮಾರ್ಚ್‌ನ ಹೂಮಳೆ ಒಂದು, ಒಂದೂವರೆ ಇಂಚು ಬೀಳದಿದ್ದರೆ ವರ್ಷದ ಫಸಲೇ ಹೋಯಿತು, ಹದಿನೈದಿಪ್ಪತ್ತು ದಿನ ಬಿಟ್ಟು ಇನ್ನೊಂದು ಮಳೆ ಬೇಕು; ಕೆರೆ, ಪಂಪು, ಸ್ಪ್ರಿಂಕ್ಲರ್ ಇದ್ದವನು ಆಕಾಶ ನೋಡುತ್ತಾ ಕೂರಬೇಕಿಲ್ಲ. ಮೂರನೆಯದಾಗಿ ಒಂದು ವರ್ಷದ ತೋಟದ ಖರ್ಚನ್ನು ಬೇರೆಯೇ ಇಡಿ. ಹೊಸ ಗಿಡ ನೆಡುವ ಮೊದಲು ಒಂದು ಕ್ಷಣ ತಡೆಯಿರಿ: ಇವತ್ತು ನೆಟ್ಟದ್ದು ಕೊಯ್ಲಿಗೆ ಬರುವ ವರ್ಷಕ್ಕೇ ಬ್ರೆಜಿಲ್, ವಿಯೆಟ್ನಾಂನವರು ಇವತ್ತು ನೆಟ್ಟದ್ದೂ ಕೊಯ್ಲಿಗೆ ಬರುತ್ತದೆ. ಗಿಡ ಸತ್ತು ಖಾಲಿ ಬಿದ್ದ ಗುಂಡಿಗಳನ್ನು ತುಂಬಿಸಿ, ಮೆಣಸಿನ ಬಳ್ಳಿ ಹೆಚ್ಚಿಸಿದರೆ ಅದೇ ಎಕರೆಯಲ್ಲಿ ಎರಡನೇ ಆದಾಯ ಸಿಗುತ್ತದೆ. ಪಕ್ಕದ ತೋಟ ಮಾರಾಟಕ್ಕಿದೆ ಎಂದು ಸಾಲ ಮಾಡಿ ಕೊಳ್ಳುವುದಿದ್ದರೆ, ಈಗಿನ ದರದಲ್ಲಲ್ಲ, ಈಗಿನ ಅರ್ಧ ದರದಲ್ಲಿ ಕಂತು ಕಟ್ಟಲು ಆಗುತ್ತದೆಯೇ ಎಂದು ಲೆಕ್ಕ ಹಾಕಿ ನೋಡಿ.